ಶೀಸೆಯ ರುಚಿ, ಡಬ್ಬಿಯ ರುಚಿ

ಗಾಜಿನ ಶೀಸೆಯಲ್ಲಿ ಕುಡಿದ ಕೋಲಾದ ರುಚಿ ಪ್ಲಾಸ್ಟಿಕ್ ಬಾಟಲಿಯ ಕೋಲಾಕ್ಕೆ ಬರುವುದಿಲ್ಲವೆಂದು ಮಕ್ಕಳು ಹೇಳುತ್ತಾರೆ. ಮನೆಯ ಹಿರಿಯರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಹೆಸರು ಒಂದೇ, ಲೇಬಲ್ಲಿನ ಮೇಲೆ ಅಚ್ಚಾದ ಪದಾರ್ಥಗಳ ಪಟ್ಟಿ ಒಂದೇ. ತುಂಬಿದ ಪಾತ್ರೆ ಬದಲಾದ ಮಾತ್ರಕ್ಕೆ ಒಳಗಿನ ರುಚಿ ಹೇಗೆ ಬದಲಾದೀತು, ಎಲ್ಲವೂ ಮನಸ್ಸಿನ ಕಲ್ಪನೆ ಎಂಬುದು ಅವರ ವಾದ. ಚಿತ್ರಮಂದಿರದ ಕಾಗದದ ಲೋಟದಲ್ಲಿ ಸಿಗುವುದು ಸಪ್ಪೆ, ತಗಡಿನ ಡಬ್ಬಿಯದು ಚುರುಕು, ಮದುವೆಯ ಚಪ್ಪರದಲ್ಲಿ ದೊಡ್ಡ ಬಾಟಲಿಯಿಂದ ಸುರಿದು ಹಂಚುವುದು ಬರೀ ಸಕ್ಕರೆನೀರು ಎಂದು ಮಕ್ಕಳು ಪಟ್ಟಿಯನ್ನು ಬೆಳೆಸುತ್ತಲೇ ಹೋಗುತ್ತಾರೆ. ಈ ವಾದದಲ್ಲಿ ವಿಜ್ಞಾನ ನಿಲ್ಲುವುದು ಬಹುಮಟ್ಟಿಗೆ ಮಕ್ಕಳ ಪಕ್ಷದಲ್ಲಿ. ಕಾರ್ಖಾನೆಯಿಂದ ಹೊರಟ ಪಾನೀಯ ಒಂದೇ ಆಗಿರಬಹುದು. ನಾಲಿಗೆಯನ್ನು ತಲುಪುವಾಗ ಅದು ಒಂದೇ ಆಗಿ ಉಳಿದಿರುವುದಿಲ್ಲ.

ತಂಪುಪಾನೀಯದಲ್ಲಿ ಇರುವುದು ಹೆಚ್ಚೇನಲ್ಲ. ನೀರು, ಸಕ್ಕರೆ, ಬಣ್ಣ, ಪರಿಮಳದ ಸಾರ, ಹುಳಿಗಾಗಿ ಒಂದು ಆಮ್ಲ. ಕೋಲಾಗಳಲ್ಲಿ ಆ ಆಮ್ಲ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ. ನಿಂಬೆ, ಕಿತ್ತಳೆಯ ಹೆಸರಿನವುಗಳಲ್ಲಿ ಸಿಟ್ರಿಕ್ ಆಮ್ಲ. ಇವೆಲ್ಲ ಬಾಟಲಿ ತೆರೆದ ಮೇಲೂ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತವೆ. ನಿಲ್ಲದೆ ಓಡಿಹೋಗುವುದು ಇಂಗಾಲದ ಡೈಆಕ್ಸೈಡ್ ಅನಿಲವೊಂದೇ. ಆಡುಮಾತಿನಲ್ಲಿ ‘ಗ್ಯಾಸ್ ಹೋಗಿದೆ’ ಎಂದು ಜನರು ಹೇಳುವುದು ಇದನ್ನೇ. ಶೀಸೆ, ಡಬ್ಬಿ, ಲೋಟ, ಕೊಳವೆ, ಐಸು ಇವೆಲ್ಲ ರುಚಿಯನ್ನು ಬದಲಿಸುವ ದಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಅನಿಲದ ಮೂಲಕವೇ ಸಾಗುತ್ತವೆ.

ನೀರಿಗೆ ಈ ಅನಿಲವನ್ನು ಬೇಕೆಂದೇ ಸೇರಿಸಿದ ಕಥೆ ಆರಂಭವಾಗುವುದು ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ. ಅಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯೊಂದರ ನೆರೆಯಲ್ಲಿ ವಾಸವಿದ್ದ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ, ಹುದುಗುತ್ತಿದ್ದ ತೊಟ್ಟಿಯ ಮೇಲೆ ನಿಲ್ಲುವ ಗಾಳಿಯು ನೀರಿನಲ್ಲಿ ಕರಗಿ ಅದಕ್ಕೊಂದು ಹಿತವಾದ ಹುಳಿಯನ್ನು ಕೊಡುತ್ತದೆ ಎಂಬುದನ್ನು ಕಂಡುಕೊಂಡ. ಐದು ವರ್ಷಗಳ ತರುವಾಯ ಅದರ ವಿಧಾನವನ್ನು ಅಚ್ಚು ಹಾಕಿಸಿದ. ಆದರೆ ಹಣ ಮಾಡಿದವನು ಅವನಲ್ಲ, ಜಿನೀವಾದಲ್ಲಿ 1783ರಲ್ಲಿ ಸೋಡಾ ವ್ಯಾಪಾರ ಆರಂಭಿಸಿದ ಜೇಕಬ್ ಶ್ವೆಪ್. 1803ರಲ್ಲಿ ವಿಲಿಯಂ ಹೆನ್ರಿ ಈ ಕರಗುವಿಕೆಯ ನಿಯಮವನ್ನು ಪ್ರಕಟಿಸಿದ. ದ್ರವದ ಮೇಲೆ ಅನಿಲದ ಒತ್ತಡ ಎಷ್ಟು ಹೆಚ್ಚುತ್ತದೆಯೋ ಅದರಲ್ಲಿ ಕರಗುವ ಅನಿಲವೂ ಅಷ್ಟೇ ಹೆಚ್ಚುತ್ತದೆ ಎನ್ನುವ ಈ ನಿಯಮವನ್ನು ಹೈಯರ್ ಸೆಕೆಂಡರಿಯ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಅದರ ಪ್ರಯೋಗ ಅಂಗಡಿಯ ಪ್ರತಿ ಬಾಟಲಿಯಲ್ಲಿಯೂ ನಡೆಯುತ್ತಿರುತ್ತದೆ. ಬಾಟಲಿ ತುಂಬುವಾಗ ಒತ್ತಡ ಕೊಟ್ಟು, ಪಾನೀಯದ ಗಾತ್ರದ ಮೂರೂವರೆ ನಾಲ್ಕು ಪಟ್ಟು ಅನಿಲವನ್ನು ಅದರಲ್ಲಿ ಕರಗಿಸಿರುತ್ತಾರೆ. ಮುಚ್ಚಳ ತಿರುಗಿಸಿದ ಕೂಡಲೆ ಒತ್ತಡ ಇಳಿಯುತ್ತದೆ, ಹಿಡಿದಿಟ್ಟುಕೊಳ್ಳಲಾರದ ಅನಿಲವನ್ನು ಪಾನೀಯ ಹೊರಗೆ ಬಿಡುತ್ತದೆ.

ಒತ್ತಡದಷ್ಟೇ ಮುಖ್ಯವಾದುದು ಉಷ್ಣತೆ. ಈ ಅನಿಲವೊಂದೇ ಮೇಲೆ ಸಾಮಾನ್ಯ ವಾಯುಭಾರದಷ್ಟು ಒತ್ತಡದಲ್ಲಿ ನಿಂತಿದ್ದರೆ, 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಅನಿಲವನ್ನು ಕರಗಿಸಿಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಅದು ಸುಮಾರು 0.9 ಲೀಟರಿಗೆ, 40 ಡಿಗ್ರಿಯಲ್ಲಿ ಸುಮಾರು ಅರ್ಧ ಲೀಟರಿಗೆ ಇಳಿಯುತ್ತದೆ. ಬಿಸಿ ಟೀಯಲ್ಲಿ ಸಕ್ಕರೆ ಬೇಗ ಕರಗುವುದನ್ನು ಕಂಡವರಿಗೆ ಇದು ತಲೆಕೆಳಗಾದ ಲೆಕ್ಕವೆಂದು ತೋರಬಹುದು; ಅನಿಲಗಳ ಸ್ವಭಾವವೇ ಹಾಗೆ. ಏಪ್ರಿಲ್ ತಿಂಗಳ ಸೊಲ್ಲಾಪುರದಲ್ಲಿ ಬಿಸಿಲಿಗೆ ಇಟ್ಟ ಬಾಟಲಿಯನ್ನು ತೆರೆದರೆ ಅರ್ಧ ಪಾನೀಯ ನೊರೆಯಾಗಿ ಕೈಮೇಲೆ ಹರಿಯುವುದು, ಅದೇ ಬಾಟಲಿ ಉದಕಮಂಡಲದ ಅಂಗಡಿಯ ಹಲಗೆಯ ಮೇಲಿದ್ದರೆ ಸದ್ದಿಲ್ಲದೆ ತೆರೆದುಕೊಳ್ಳುವುದು ಈ ಕಾರಣದಿಂದ. ಉದಕಮಂಡಲದಲ್ಲಿ ಇನ್ನೊಂದು ಸಂಗತಿಯೂ ಇದೆ. ಸಮುದ್ರಮಟ್ಟದಿಂದ 2200 ಮೀಟರಿಗೂ ಎತ್ತರದ ಆ ಊರಿನಲ್ಲಿ ವಾಯುಭಾರ ಕಾಸರಗೋಡಿನ ಕಡಲತೀರದ ಮುಕ್ಕಾಲು ಪಾಲಿನಷ್ಟು. ಹೊರಗಿನ ಒತ್ತಡ ಕಡಿಮೆಯಾದಷ್ಟು ಗುಳ್ಳೆಗಳು ಸುಲಭವಾಗಿ ಹುಟ್ಟುತ್ತವೆ. ಅಲ್ಲಿಯ ಚಳಿ ಅನಿಲವನ್ನು ಹಿಡಿದಿಡುತ್ತದೆ, ಎತ್ತರ ಅದನ್ನು ಹೊರಗೆಳೆಯುತ್ತದೆ.

ಅನಿಲ ಕಡಿಮೆಯಾದರೆ ರುಚಿ ಏಕೆ ಕೆಡಬೇಕು? ಗುಳ್ಳೆಗಳು ನಾಲಿಗೆಯ ಮೇಲೆ ಒಡೆದು ಚುಚ್ಚುವುದರಿಂದಲೇ ಸೋಡಾಕ್ಕೆ ಆ ಚುರುಕು ಬರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅದು ನಿಜವಲ್ಲ. ಗುಳ್ಳೆಗಳೇ ಹುಟ್ಟದಷ್ಟು ಹೆಚ್ಚಿನ ವಾಯುಒತ್ತಡವಿರುವ ಕೋಣೆಯಲ್ಲಿ ಜನರನ್ನು ಕೂರಿಸಿ ಸೋಡಾ ಕುಡಿಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಗುಳ್ಳೆಗಳಿಲ್ಲದಿದ್ದರೂ ಸೋಡಾ ಅಷ್ಟೇ ಕಚ್ಚುತ್ತಿತ್ತು. ನಾಲಿಗೆಯಲ್ಲಿ ಹುಳಿಯನ್ನು ಗ್ರಹಿಸುವ ಕೋಶಗಳ ಮೇಲೆ ಒಂದು ಕಿಣ್ವವಿದೆ. ಅದು ಕರಗಿದ ಅನಿಲವನ್ನು ಅಲ್ಲಿಯೇ ಆಮ್ಲವನ್ನಾಗಿ ಮಾರ್ಪಡಿಸುತ್ತದೆ, ಹುಳಿಯ ಸುದ್ದಿ ಮೆದುಳಿಗೆ ಹೋಗುತ್ತದೆ. ಇದನ್ನು ಜಯರಾಂ ಚಂದ್ರಶೇಖರ್, ಚಾರ್ಲ್ಸ್ ಜುಕರ್ ಮೊದಲಾದ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು. ಎತ್ತರದ ಪರ್ವತಗಳನ್ನು ಏರುವವರು ತೆಗೆದುಕೊಳ್ಳುವ ಅಸೆಟಜೋಲಮೈಡ್ ಎಂಬ ಔಷಧಿ ಈ ಕಿಣ್ವವನ್ನು ತಡೆಯುತ್ತದೆ. ಅದನ್ನು ನುಂಗಿದವರಿಗೆ ಬುಸುಗುಟ್ಟುವ ಪಾನೀಯವೂ ಸಪ್ಪೆಯೆನಿಸುತ್ತದೆ. ಇದಲ್ಲದೆ ಮೆಣಸಿನ ಉರಿಯನ್ನೂ ಸಾಸಿವೆಯ ಘಾಟನ್ನೂ ಮೆದುಳಿಗೆ ಒಯ್ಯುವ ಮುಖದ ನರವೇ ಈ ಆಮ್ಲದ ಚುರುಕನ್ನೂ ಒಯ್ಯುತ್ತದೆ. ತಗಡಿನ ಡಬ್ಬಿಯ ಕೋಲಾ ಚುರುಕು ಎಂದು ಮಕ್ಕಳು ಹೇಳುವಾಗ ಅವರ ಮಾತು ಶರೀರಶಾಸ್ತ್ರದ ದೃಷ್ಟಿಯಿಂದಲೂ ಸರಿಯಾಗಿಯೇ ಇದೆ. ಸೋಡಾದ ರುಚಿಯಲ್ಲಿ ಒಂದು ಪಾಲು ಹುಳಿ, ಒಂದು ಪಾಲು ಹಿತವಾದ ನೋವು.

ಇನ್ನು ಸಿಹಿಯ ವಿಷಯ. ಹೆತ್ತವರು ನಿಧಾನವಾಗಿ ಓದಬೇಕಾದ ಭಾಗವಿದು. ನಾಲಿಗೆಯಲ್ಲಿ ಸಿಹಿಯ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ವ್ಯವಸ್ಥೆಗೆ ಉಷ್ಣತೆಯೊಡನೆ ನೇರವಾದ ಸಂಬಂಧವಿದೆ. ತಣ್ಣಗಿದ್ದಾಗ ಅದು ಮಂದವಾಗಿ, ಬೆಚ್ಚಗಾದಂತೆ ಚುರುಕಾಗಿ ಕೆಲಸ ಮಾಡುತ್ತದೆ. ಇದರ ಹಿಂದಿರುವ ಕೋಶದ ಕಾಲುವೆಯನ್ನು ಬೆಲ್ಜಿಯಂ ದೇಶದ ಲೂವೆನ್ ನಗರದ ಸಂಶೋಧಕರು 2005ರಲ್ಲಿ ಗುರುತಿಸಿದರು. ಕರಗಿಹೋದ ಐಸ್‌ಕ್ರೀಮನ್ನು ನೆಕ್ಕಿದಾಗ ಬಾಯಿ ಕಟ್ಟುವಷ್ಟು ಸಿಹಿಯಾಗುವುದು, ಅದೇ ಗಟ್ಟಿಯಾಗಿದ್ದಾಗ ಹದವಾಗಿರುವುದು ಇದೇ ಕಾರಣಕ್ಕೆ. ತಂಪು ಸಿಹಿಯನ್ನು ಅಡಗಿಸುತ್ತದೆ. ಅನಿಲವೂ ಅಡಗಿಸುತ್ತದೆ, ಸಕ್ಕರೆಯಿಂದ ಮೆದುಳಿನಲ್ಲಿ ಏಳುವ ಪ್ರತಿಕ್ರಿಯೆ ಸೋಡಾ ಬೆರೆತಾಗ ಕುಗ್ಗುತ್ತದೆಂದು ಇಟಲಿಯ ಸಂಶೋಧಕರು 2013ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ಕಂಡರು. ಆಮ್ಲದ ಹುಳಿ ಮೂರನೆಯ ಪರದೆ.

ಈ ಮೂರು ಪರದೆಗಳ ಹಿಂದೆ ಅಡಗಿರುವುದೆಷ್ಟು? ಸಾಮಾನ್ಯ ಕೋಲಾದ ಲೇಬಲ್ಲಿನಲ್ಲಿ 100 ಮಿಲಿಲೀಟರಿಗೆ 10ರಿಂದ 11 ಗ್ರಾಂ ಸಕ್ಕರೆ ಎಂದಿರುತ್ತದೆ. 300 ಮಿಲಿಲೀಟರಿನ ಒಂದು ಶೀಸೆಯೆಂದರೆ 30 ಗ್ರಾಂ ದಾಟಿತು, ಟೀ ಚಮಚದಲ್ಲಿ ಆರೇಳು ಚಮಚ. ಅಷ್ಟು ಸಕ್ಕರೆಯನ್ನು ಅಷ್ಟೇ ನೀರಿಗೆ ಬೆರೆಸಿ ಬೆಚ್ಚಗೆ ಕೊಟ್ಟರೆ ಮಕ್ಕಳು ಎರಡು ಗುಟುಕಿಗೆ ಲೋಟ ಕೆಳಗಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಆಹಾರಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು, ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಆ ಅರ್ಧವೆಂದರೆ ವಯಸ್ಕರಿಗೆ ಸುಮಾರು 25 ಗ್ರಾಂ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಮದುವೆಯ ಚಪ್ಪರದ ಕೋಲಾ ಬರೀ ಸಕ್ಕರೆನೀರು ಎಂದು ದೂರುವ ಮಗು ಸತ್ಯವನ್ನೇ ನುಡಿಯುತ್ತಿದೆ. ಅಲ್ಲಿ ಸಕ್ಕರೆ ಹೆಚ್ಚಾಗಿಲ್ಲ, ಪರದೆಗಳು ಸರಿದಿವೆ, ಅಷ್ಟೇ. ದೊಡ್ಡ ಬಾಟಲಿ ಆಗಲೇ ತೆರೆದು ಅರ್ಧ ಗಂಟೆಯಾಗಿದೆ, ಚಪ್ಪರದ ಕೆಳಗೆ ಬೆಚ್ಚಗಾಗಿದೆ, ಎತ್ತರದಿಂದ ಸುರಿದಾಗ ಉಳಿದ ಅನಿಲವೂ ಹಾರಿಹೋಗಿದೆ.

ಇಷ್ಟು ತಿಳಿದ ಮೇಲೆ ಪಾತ್ರೆಗಳ ಕಡೆಗೆ ಬರಬಹುದು. ಗಾಜು ಅನಿಲವನ್ನು ಹೊರಕ್ಕೆ ಬಿಡುವುದಿಲ್ಲ, ಪಾನೀಯಕ್ಕೆ ತನ್ನದೇನನ್ನೂ ಸೇರಿಸುವುದಿಲ್ಲ. ಬಿರಡೆ ಬಿಗಿಯಾಗಿದ್ದರೆ ತುಂಬಿದ ದಿನದ ಚುರುಕು ತಿಂಗಳುಗಳ ನಂತರವೂ ಉಳಿದಿರುತ್ತದೆ. ಹಳೆಯ ಅಂಗಡಿಗಳಲ್ಲಿ ಗಾಜಿನ ಶೀಸೆಗಳನ್ನು ಐಸುನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವ ರೂಢಿಯಿತ್ತು; ನೀರು ಶೀಸೆಯ ಮೈಯನ್ನೆಲ್ಲ ಆವರಿಸಿ, ಫ್ರಿಜ್ಜಿನ ಗಾಳಿಗಿಂತ ಬಹುಬೇಗ ಅದನ್ನು 0 ಡಿಗ್ರಿಯ ಸಮೀಪಕ್ಕೆ ತರುತ್ತದೆ. ದಪ್ಪ ಗಾಜು ಆ ತಂಪನ್ನು ತಾನೂ ಹಿಡಿದಿಟ್ಟುಕೊಂಡು ಕೈಯ ಬಿಸಿಯನ್ನು ತಡೆಯುತ್ತದೆ. ಗಾಜಿನ ರುಚಿ ಎಂದು ಹಿರಿಯರು ಇಂದಿಗೂ ನೆನೆಯುವುದರಲ್ಲಿ ದೊಡ್ಡ ಪಾಲು ಆ ತೊಟ್ಟಿಯದು.

ಪ್ಲಾಸ್ಟಿಕ್ ಬಾಟಲಿಯ ಕಥೆ ಬೇರೆ. ಇಂದು ಎಲ್ಲೆಡೆ ಕಾಣುವ ಪೆಟ್ ಬಾಟಲಿಗೆ ಅಮೆರಿಕದ ಇಂಜಿನಿಯರ್ ನಥಾನಿಯಲ್ ವಯೆತ್ 1973ರಲ್ಲಿ ಪೇಟೆಂಟ್ ಪಡೆದ. ಸೋಡಾದ ಒತ್ತಡವನ್ನು ತಡೆಯುವಷ್ಟು ಅದು ಗಟ್ಟಿ. ಆದರೂ ಅದರ ಗೋಡೆಯ ಮೂಲಕ ಅನಿಲ ಅತಿ ನಿಧಾನವಾಗಿ ಸೋರುತ್ತದೆ, ಮುಚ್ಚಳ ತೆರೆಯದಿದ್ದರೂ. ಚಿಕ್ಕ ಬಾಟಲಿಯಲ್ಲಿ ಈ ಸೋರಿಕೆ ಹೆಚ್ಚು. ಏಕೆಂಬುದನ್ನು ಹೈಸ್ಕೂಲಿನ ಗಣಿತವೇ ಹೇಳುತ್ತದೆ. 250 ಮಿಲಿಲೀಟರ್ ಎಂಬುದು 2 ಲೀಟರಿನ ಎಂಟನೆಯ ಒಂದು ಪಾಲು; ಎರಡು ಬಾಟಲಿಗಳ ಆಕಾರ ಒಂದೇ ಎಂದುಕೊಂಡರೆ ಚಿಕ್ಕದರ ಎತ್ತರ ಅರ್ಧ, ಅಗಲ ಅರ್ಧ, ಹೊರಮೈ ನಾಲ್ಕನೆಯ ಒಂದು ಪಾಲು. ಅಂದರೆ ಪ್ರತಿ ಗುಟುಕಿನ ಪಾಲಿಗೆ ಬರುವ ಗೋಡೆ ಎರಡರಷ್ಟು, ಸೋರಿಕೆಯ ದಾರಿಯೂ ಎರಡರಷ್ಟು. ಬಿಸಿಲು ಬೀಳುವ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಚಿಕ್ಕ ಬಾಟಲಿಯನ್ನು ಕೊಳ್ಳುವವರು ಅದರ ಮೇಲಿರುವ ತಯಾರಿಕೆಯ ದಿನಾಂಕವನ್ನು ನೋಡಿದರೆ ನಷ್ಟವಿಲ್ಲ. ಬಾಟಲಿಯನ್ನು ಅಚ್ಚಿನಲ್ಲಿ ರೂಪಿಸುವಾಗ ಅಸೆಟಾಲ್ಡಿಹೈಡ್ ಎಂಬ ಪದಾರ್ಥ ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ಮಾಗಿದ ಹಣ್ಣುಗಳಲ್ಲಿಯೂ ಇರುವ ಈ ಪದಾರ್ಥದ ವಾಸನೆ ಬಾಟಲಿಯ ಬರೀ ನೀರಿನಲ್ಲಿ ಸೂಕ್ಷ್ಮ ನಾಲಿಗೆಯವರಿಗೆ ತಿಳಿಯುವುದುಂಟು, ಕೋಲಾದ ಪರಿಮಳದಲ್ಲಿ ಅದು ಬಹುತೇಕ ಮುಚ್ಚಿಹೋಗುತ್ತದೆ.

ಅಲ್ಯೂಮಿನಿಯಂ ಡಬ್ಬಿ ಅನಿಲವನ್ನು ಹಿಡಿದಿಡುವುದರಲ್ಲಿ ಗಾಜಿಗೆ ಸಮ, ಬೆಳಕನ್ನೂ ಒಳಗೆ ಬಿಡುವುದಿಲ್ಲ. ಲೋಹವನ್ನು ಆಮ್ಲ ತಿನ್ನದಂತೆ ಒಳಮೈಗೆ ತೆಳುವಾದ ಲೇಪ ಬಳಿದಿರುತ್ತಾರೆ, ಆದ್ದರಿಂದ ಒಳಗಿನ ಪಾನೀಯ ಲೋಹವನ್ನು ಮುಟ್ಟುವುದೇ ಇಲ್ಲ. ಮುಟ್ಟುವುದು ತುಟಿ. ಡಬ್ಬಿಯಿಂದ ನೇರವಾಗಿ ಕುಡಿದವರಿಗೆ ಲೋಹದ ರುಚಿ ಬರುವುದು, ಲೋಟಕ್ಕೆ ಸುರಿದುಕೊಂಡರೆ ಅದು ಮಾಯವಾಗುವುದು ಇದಕ್ಕೇ. ಡಬ್ಬಿಯ ಕಿರಿದಾದ ಬಾಯಿಯಿಂದ ಕುಡಿಯುವಾಗ ಮೂಗಿಗೆ ತಲುಪುವ ಪರಿಮಳವೂ ಕಡಿಮೆ. ಕೊಳವೆಯಲ್ಲಿ ಹೀರಿದರೆ ಇನ್ನೂ ಕಡಿಮೆ. ರುಚಿಯೆಂದು ಕರೆಯುವುದರಲ್ಲಿ ಬಹುಪಾಲು ವಾಸನೆಯದೆಂಬುದನ್ನು ಮೂಗು ಹಿಡಿದು ಜೀರಾ ಸೋಡಾ ಕುಡಿದು ನೋಡಿದವರು ಒಪ್ಪುತ್ತಾರೆ. ಜೀರಿಗೆ ಕಾಣೆಯಾಗಿ ಸಿಹಿ, ಹುಳಿ, ಉಪ್ಪು ಮಾತ್ರ ಉಳಿದಿರುತ್ತದೆ.

ಮನೆಯ ಸ್ಟೀಲ್ ಲೋಟಕ್ಕೂ ಇಲ್ಲಿ ಸ್ಥಾನವಿದೆ. ಸ್ಟೀಲಿನ ಮೂಲಕ ಉಷ್ಣ ಹರಿಯುವುದು ಗಾಜಿಗಿಂತ ಹತ್ತಾರು ಪಟ್ಟು ಸುಲಭ. ಹಾಗಾಗಿ ಮೊದಲ ಗುಟುಕಿನಲ್ಲಿ ತುಟಿಗೆ ಅದು ಹೆಚ್ಚು ತಣ್ಣಗೆನಿಸುತ್ತದೆ, ಕೈಯಲ್ಲಿ ಹಿಡಿದು ಮಾತನಾಡುತ್ತ ನಿಂತರೆ ಬೇಗ ಬೆಚ್ಚಗಾಗುತ್ತದೆ. ಬಟ್ಟೆಯಿಂದ ಒರೆಸಿದ ಒಣ ಲೋಟದಲ್ಲಿ ಕಣ್ಣಿಗೆ ಕಾಣದ ನೂಲಿನ ಎಳೆಗಳು ಉಳಿದಿರುತ್ತವೆ. ಪ್ರತಿ ಎಳೆಯೂ ಗುಳ್ಳೆಗಳ ಹುಟ್ಟೂರು. ತಣ್ಣೀರಿನಲ್ಲಿ ತೊಳೆದು ಹಸಿಯಾಗಿಯೇ ಓರೆ ಹಿಡಿದು, ಅಂಚಿನಿಂದ ನಿಧಾನವಾಗಿ ಸುರಿದರೆ ನೊರೆ ಕಡಿಮೆಯಾಗುತ್ತದೆ, ಅನಿಲ ಪಾನೀಯದಲ್ಲಿಯೇ ನಿಲ್ಲುತ್ತದೆ.

ಉಳಿದ ಪಾನೀಯವನ್ನು ಮರುದಿನಕ್ಕೆ ಇಡುವಾಗ ಪ್ಲಾಸ್ಟಿಕ್ ಬಾಟಲಿಯನ್ನು ಹಿಂಡಿ, ಒಳಗಿನ ಗಾಳಿಯನ್ನು ಹೊರದೂಡಿ ಮುಚ್ಚಳ ಹಾಕುವ ಉಪಾಯ ಅನೇಕ ಮನೆಗಳಲ್ಲಿದೆ. ಕೇಳಲು ಬುದ್ಧಿವಂತಿಕೆಯೆನಿಸಿದರೂ ಅದರಿಂದ ಪ್ರಯೋಜನವಿಲ್ಲ. ಹಿಂಡಿದ ಬಾಟಲಿ ಒತ್ತಡವನ್ನು ತಾಳುವುದಿಲ್ಲ. ಪಾನೀಯದಿಂದ ಹೊರಬಂದ ಅನಿಲ ಅದನ್ನು ಮತ್ತೆ ಉಬ್ಬಿಸುವವರೆಗೂ ಸುಲಭವಾಗಿ ಹೊರಬರುತ್ತಲೇ ಇರುತ್ತದೆ. ಚಿಕ್ಕ ಬಾಟಲಿಗೆ ಅಂಚಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಫ್ರಿಜ್ಜಿನಲ್ಲಿಡುವುದೊಂದೇ ಕೆಲಸ ಮಾಡುವ ದಾರಿ. ಶೀಸೆಯ ಬಾಯಲ್ಲಿ ಚಮಚ ಇಳಿಬಿಡುವುದು, ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸುವುದು ಮುಂತಾದವುಗಳಿಗೆ ಸಮಯ ವ್ಯಯಿಸಬೇಕಾಗಿಲ್ಲ.

ಹೊಸೂರು, ಸೊಲ್ಲಾಪುರದಂಥ ಪೇಟೆಗಳ ಹೊಸ ಚಿತ್ರಮಂದಿರಗಳಲ್ಲಿ ಯಂತ್ರದ ನಳಿಕೆಯಿಂದ ಸುರಿಯುವ ಪಾನೀಯ ಮಾತ್ರ ನಿಜವಾಗಿಯೂ ಬೇರೆಯದೇ ಎನ್ನಬೇಕು. ಅಲ್ಲಿಗೆ ಕಾರ್ಖಾನೆಯಿಂದ ಬರುವುದು ಗಟ್ಟಿಯಾದ ಪಾಕ ಮಾತ್ರ. ಆ ಊರಿನ ನೀರನ್ನು ಶೋಧಿಸಿ, ಸಿಲಿಂಡರಿನ ಅನಿಲವನ್ನು ಅದರಲ್ಲಿ ಕರಗಿಸಿ, ಸಾಮಾನ್ಯವಾಗಿ ಐದು ಪಾಲು ನೀರಿಗೆ ಒಂದು ಪಾಲು ಪಾಕದಂತೆ ನಳಿಕೆಯ ತುದಿಯಲ್ಲಿಯೇ ಬೆರೆಸುತ್ತಾರೆ. ಬೆರಕೆಯ ಹದ ತಪ್ಪಿದರೆ, ಶೋಧಕ ಹಳತಾಗಿದ್ದರೆ, ಸಿಲಿಂಡರ್ ಮುಗಿಯುತ್ತ ಬಂದಿದ್ದರೆ ಹೆಸರು ಅದೇ ಇದ್ದರೂ ಲೋಟದಲ್ಲಿರುವುದು ಬೇರೊಂದು ಪಾನೀಯ. ಮೇಲಿಂದ ಅರ್ಧ ಲೋಟ ಐಸು. ಐಸಿನ ಒರಟು ಮೈ ಗುಳ್ಳೆಗಳನ್ನು ಎಬ್ಬಿಸಿ ಅನಿಲವನ್ನು ಓಡಿಸುತ್ತದೆ, ಕರಗಿದ ನೀರು ಸಿಹಿಯನ್ನೂ ಪರಿಮಳವನ್ನೂ ತೆಳುವಾಗಿಸುತ್ತದೆ. ಮಧ್ಯಂತರದಲ್ಲಿ ಕೊಂಡ ಲೋಟ ಕೊನೆಯ ಹೊಡೆದಾಟದ ಹೊತ್ತಿಗೆ ಸಪ್ಪೆಯಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ದೇಶ ಬದಲಾದರೂ ಇಂಥ ವ್ಯತ್ಯಾಸಗಳಿವೆ. ಅಮೆರಿಕದಲ್ಲಿ 1980ರ ದಶಕದಿಂದ ಕೋಲಾಗಳಿಗೆ ಜೋಳದ ಪಾಕದ ಸಿಹಿ ಬಂತು, ಮೆಕ್ಸಿಕೋದಿಂದ ಬರುವ ಗಾಜಿನ ಶೀಸೆಯಲ್ಲಿ ಕಬ್ಬಿನ ಸಕ್ಕರೆ ಉಳಿಯಿತು. ಅಲ್ಲಿಯ ಜನ ಹೆಚ್ಚು ಹಣ ಕೊಟ್ಟು ಮೆಕ್ಸಿಕೋದ ಶೀಸೆಯನ್ನು ಕೊಳ್ಳುತ್ತಾರೆ. ಕೊಲ್ಲಿ ರಾಷ್ಟ್ರದಿಂದ ರಜೆಗೆ ಬಂದವರು ತಂದ ಡಬ್ಬಿಗೂ ಊರಿನ ಡಬ್ಬಿಗೂ ಸಕ್ಕರೆಯ ಪ್ರಮಾಣ ಒಂದೇ ಇದೆಯೇ ಎಂಬುದನ್ನು ಕಾಸರಗೋಡಿನ ಮಕ್ಕಳು ಎರಡೂ ಲೇಬಲ್ಲುಗಳನ್ನು ಎದುರುಬದುರು ಇಟ್ಟು ಓದಿಯೇ ತೀರ್ಮಾನಿಸಬಹುದು.

ಬಡಿಸುವ ರೀತಿಯೇ ರುಚಿಯಾಗಿರುವ ಪಾನೀಯವೆಂದರೆ ಗೋಲಿ ಸೋಡಾ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ರೂಪಿಸಿದ ಈ ಶೀಸೆಗೆ ಬಿರಡೆಯೇ ಇಲ್ಲ. ಒಳಗೊಂದು ಗಾಜಿನ ಗೋಲಿ, ಕುತ್ತಿಗೆಯಲ್ಲಿ ರಬ್ಬರಿನ ಬಳೆ. ಅನಿಲ ತುಂಬಿ ಶೀಸೆಯನ್ನು ತಲೆಕೆಳಗು ಮಾಡಿದಾಗ ಗೋಲಿ ಬಂದು ಬಳೆಗೆ ಕುಳಿತುಕೊಳ್ಳುತ್ತದೆ. ಮತ್ತೆ ನೆಟ್ಟಗೆ ನಿಲ್ಲಿಸಿದರೂ ಒಳಗಿನ ಒತ್ತಡ ಅದನ್ನು ಅಲ್ಲಿಯೇ ಒತ್ತಿ ಹಿಡಿದಿರುತ್ತದೆ. ಹೊರಗೆ ಹೋಗಲು ಹವಣಿಸುವ ಅನಿಲವೇ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುವ ಈ ಯುಕ್ತಿಗೆ ತಲೆದೂಗಲೇಬೇಕು. ಇಂಗ್ಲೆಂಡಿನಲ್ಲಿ ಅದು ಮರೆಯಾಯಿತು. ಜಪಾನಿನಲ್ಲಿ ರಾಮುನೆ ಎಂಬ ಹೆಸರಿನಿಂದಲೂ ಭಾರತದಲ್ಲಿ ಗೋಲಿ ಸೋಡಾವಾಗಿಯೂ ಉಳಿದುಕೊಂಡಿತು. ಬರೀ ಸೋಡಾದಲ್ಲಿ ಸಕ್ಕರೆಯಿಲ್ಲ, ಪರಿಮಳವಿಲ್ಲ. ನಾಲಿಗೆಗೆ ಸಿಗುವುದೆಲ್ಲ ಅನಿಲದ ಹುಳಿ ಮತ್ತು ಚುರುಕು. ಆದ್ದರಿಂದ ಅನಿಲ ಸ್ವಲ್ಪ ಕಡಿಮೆಯಾದರೂ ಅದು ಕೂಡಲೆ ತಿಳಿದುಬಿಡುತ್ತದೆ.

ನಿಂಬೆ ಸೋಡಾ ಮಾಡುವಾಗ ಸೋಡಾ ಸುರಿದ ಮೇಲೆ ಉಪ್ಪು ಹಾಕಿದರೆ ಲೋಟ ಉಕ್ಕಿ ಹರಿಯುತ್ತದೆ, ಏಕೆಂದರೆ ಉಪ್ಪಿನ ಪ್ರತಿ ಹರಳೂ ಗುಳ್ಳೆಗಳನ್ನು ಎಬ್ಬಿಸುತ್ತದೆ. ನುರಿತ ಅಂಗಡಿಯವನು ಉಪ್ಪನ್ನೂ ಸಕ್ಕರೆಯನ್ನೂ ನಿಂಬೆರಸದಲ್ಲಿ ಮೊದಲೇ ಕರಗಿಸಿಕೊಂಡು, ಕೊನೆಗೆ ಸೋಡಾವನ್ನು ಅಂಚಿನಿಂದ ಇಳಿಬಿಡುತ್ತಾನೆ. ಅದೇ ನಿಂಬೆ, ಅದೇ ಸೋಡಾ. ಕ್ರಮ ಬದಲಾದುದರಿಂದ ಎರಡು ರುಚಿ. ಅಂಗಡಿಯ ಐಸಿನ ಬಗೆಗೆ ಮಾತ್ರ ಎಚ್ಚರಿಕೆ ಬೇಕು. ಮೀನು ಇಡಲು ಬಳಸುವ ದೊಡ್ಡ ಐಸುಗಡ್ಡೆ ಕುಡಿಯುವ ನೀರಿನದಾಗಿರಬೇಕೆಂದಿಲ್ಲ. ಇಂಥ ಐಸನ್ನು ಗುರುತಿಸಲು ಅದಕ್ಕೆ ನೀಲಿ ಬಣ್ಣ ಬೆರೆಸಬೇಕೆಂಬ ಕ್ರಮ ಮಹಾರಾಷ್ಟ್ರದಲ್ಲಿ 2018ರಲ್ಲಿ ಜಾರಿಗೆ ಬಂತು. ಜಾತ್ರೆಯ ಲೋಟದಲ್ಲಿ ನೀಲಿ ಛಾಯೆ ಕಂಡರೆ ಅದು ಅಲಂಕಾರವಲ್ಲ.

ಹಿರಿಯರ ವಾದದಲ್ಲಿಯೂ ಒಂದು ಪಾಲು ನಿಜವಿದೆ. ನಿರೀಕ್ಷೆಗೂ ಕಿವಿಗೂ ರುಚಿಯಲ್ಲಿ ಕೈಯಿದೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೋಟದ ಸೋಡಾದ ಬುಸುಗುಟ್ಟುವ ಸದ್ದನ್ನು ಹೆಚ್ಚಿಸಿ ಕೇಳಿಸಿದಾಗ ಜನ ಅದರಲ್ಲಿ ಗ್ಯಾಸು ಹೆಚ್ಚಿದೆಯೆಂದರು. ಅದೇ ನೀರನ್ನು ಬಾಯೊಳಗೆ ಹಿಡಿದಾಗ ಮಾತ್ರ ಈ ಮೋಸ ನಡೆಯಲಿಲ್ಲ. ಬಿರಡೆ ಹಾರುವ ಸದ್ದು, ಗೋಲಿಯ ಸಿಳ್ಳು, ಕೈಯಲ್ಲಿ ಗಾಜಿನ ಭಾರ ಇವೆಲ್ಲ ಮೊದಲ ಗುಟುಕಿಗೆ ಮುಂಚೆಯೇ ಮನಸ್ಸನ್ನು ಸಿದ್ಧಗೊಳಿಸುತ್ತವೆ.

ಹಾಗಾದರೆ ನಾಲಿಗೆಯ ಪಾಲೆಷ್ಟು, ಮನಸ್ಸಿನ ಪಾಲೆಷ್ಟು? ಮನೆಯಲ್ಲಿಯೇ ಪರೀಕ್ಷಿಸಲು ಸಾಧ್ಯವಿದೆ, ಆಹಾರ ತಜ್ಞರು ಬಳಸುವ ವಿಧಾನವೂ ಅದೇ. ಒಂದೇ ಹೆಸರಿನ ಪಾನೀಯದ ಒಂದು ಗಾಜಿನ ಶೀಸೆ, ಒಂದು ಪ್ಲಾಸ್ಟಿಕ್ ಬಾಟಲಿ. ಎರಡನ್ನೂ ರಾತ್ರಿಯಿಡೀ ಒಂದೇ ಫ್ರಿಜ್ಜಿನಲ್ಲಿಟ್ಟಿರಬೇಕು. ಒಂದೇ ಬಗೆಯ ಮೂರು ಲೋಟಗಳಲ್ಲಿ ಎರಡಕ್ಕೆ ಒಂದರಿಂದ, ಮೂರನೆಯದಕ್ಕೆ ಮತ್ತೊಂದರಿಂದ, ಎರಡೇ ಗುಟುಕಿನಷ್ಟು ಸುರಿಯಬೇಕು. ಸುರಿಯುವವರು ಒಬ್ಬರು, ಲೋಟಗಳನ್ನು ತಂದು ಮುಂದಿಡುವವರು ಇನ್ನೊಬ್ಬರು. ಯಾವುದು ಯಾವುದೆಂದು ತಂದಿಡುವವರಿಗೂ ತಿಳಿದಿರಬಾರದು, ಇಲ್ಲವಾದರೆ ಅಣ್ಣನ ಮುಖ ನೋಡಿ ತಂಗಿ ಉತ್ತರ ಹೇಳಿಬಿಡುತ್ತಾಳೆ. ಕುಡಿಯುವವರು ಕಣ್ಣು ಮುಚ್ಚಿ, ನಡುನಡುವೆ ನೀರಿನಿಂದ ಬಾಯಿ ಮುಕ್ಕಳಿಸಿ, ಬೇರೆಯದು ಯಾವುದೆಂದು ಹೇಳಬೇಕು. ಬರೀ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಮ್ಮೆ ಗೆದ್ದವರು ಬೀಗುವಂತಿಲ್ಲ. ಮೂರು ಸಲವೂ ಊಹೆಯಿಂದಲೇ ಸರಿಯಾಗುವ ಸಾಧ್ಯತೆ 27ರಲ್ಲಿ ಒಂದು. ಆರು ಸಲವೂ ಹಾಗಾಗುವುದು 729ರಲ್ಲಿ ಒಂದು.

ಎರಡನೆಯ ಸುತ್ತಿನಲ್ಲಿ ಪಾತ್ರೆಯನ್ನು ಬಿಟ್ಟು ಉಷ್ಣತೆಯೊಂದನ್ನೇ ಬದಲಿಸಿ ನೋಡಬಹುದು. ಹಿಂದಿನ ರಾತ್ರಿಯೇ ಒಂದೇ ಬಾಟಲಿಯಿಂದ ಎರಡು ಲೋಟಗಳಿಗೆ ಸುರಿದು, ತಟ್ಟೆ ಮುಚ್ಚಿ, ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಡಬೇಕು. ಬೆಳಗಿನ ಹೊತ್ತಿಗೆ ಎರಡರಲ್ಲಿಯೂ ಗ್ಯಾಸು ಹೋಗಿರುತ್ತದೆ, ಸಕ್ಕರೆ ಅಷ್ಟಕ್ಕಷ್ಟೇ ಇರುತ್ತದೆ. ಯಾವುದರಲ್ಲಿ ಸಿಹಿ ಹೆಚ್ಚು ಎಂದು ಮನೆಯವರೆಲ್ಲ ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ಚೀಟಿಯಲ್ಲಿ ಬರೆದುಕೊಟ್ಟ ಮೇಲೆ ಬಾಟಲಿಯ ಲೇಬಲ್ಲನ್ನು ಗಟ್ಟಿಯಾಗಿ ಓದುವ ಕೆಲಸವನ್ನು ಮನೆಯ ಅತಿ ಚಿಕ್ಕ ವಿದ್ಯಾರ್ಥಿಗೆ ವಹಿಸಬಹುದು.